ದೇಹಾರೋಗ್ಯ ಮತ್ತು ಪೌರಜೀವನ

ಪ್ರಜಾಪ್ರಭುತ್ವದಲ್ಲಿ ಪ್ರತಿಯೊಬ್ಬ ವಯಸ್ಕನಿಗೂ ಒಂದೇ ಮತ. ಸಿರಿವಂತನಿಗೂ ಒಂದು, ಕೂಲಿಕಾರನಿಗೂ ಒಂದು. ಪಂಡಿತನಿಗೂ ಒಂದು, ಅಕ್ಷರ ತಿಳಿಯದವನಿಗೂ ಒಂದು. ನಮ್ಮ ಸಂವಿಧಾನದ 326ನೆಯ ವಿಧಿ ಈ ಸಮಾನತೆಯನ್ನು ಎತ್ತಿಹಿಡಿದಿದೆ. 1951-52ರ ಮೊದಲ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದವರಿಗೆ ದೊರೆತ ಈ ಹಕ್ಕು, 1989ರಿಂದ ಈಚೆಗೆ 18 ತುಂಬಿದವರಿಗೂ ದೊರೆಯುತ್ತಿದೆ. ಇದನ್ನೆಲ್ಲ ನೀವು ಪೌರನೀತಿಯ ಪಾಠಗಳಲ್ಲಿ ಓದಿಯೇ ಇರುತ್ತೀರಿ. ಆದರೆ ಆ ಪಾಠಗಳು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಯೊಂದುಂಟು. ಹಕ್ಕು ಕಾಗದದ ಮೇಲಿರುತ್ತದೆ. ಅದನ್ನು ಚಲಾಯಿಸುವುದಕ್ಕೆ ದೇಹವೊಂದು ಬೇಕು. ಆ ದೇಹ ಹಾಸಿಗೆಯಿಂದ ಏಳಬೇಕು, ಮತಗಟ್ಟೆಯವರೆಗೆ ನಡೆಯಬೇಕು, ಬಿಸಿಲಿನಲ್ಲಿ ಸಾಲು ನಿಲ್ಲಬೇಕು, ಮೆಟ್ಟಿಲು ಹತ್ತಬೇಕು, ಚಿಹ್ನೆಯನ್ನು ಕಣ್ಣಿನಿಂದ ಗುರುತಿಸಬೇಕು. ಮತಗಳೆಲ್ಲ ಸಮಾನವಾದರೂ ದೇಹಗಳು ಸಮಾನವಲ್ಲ.

'ಆರೋಗ್ಯವೇ ಭಾಗ್ಯ' ಎಂದು ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ. ಬರೆಸುವಾಗ, ಅದು ಅವರವರ ಭಾಗ್ಯ, ಅವರವರ ಮನೆಯ ಮಾತು ಎಂದೇ ನಮ್ಮ ಭಾವನೆ. ಜ್ವರ ಬಂದವನು ಕಷಾಯ ಕುಡಿದು ಮಲಗಿದರೆ ಅದರಿಂದ ದೇಶಕ್ಕೇನು? ಆದರೆ ಒಂದು ಊರಿನಲ್ಲಿ ನೂರು ಮಂದಿ ಹೀಗೆ ಮಲಗಿದರೆ, ಆ ಊರಿನ ನೂರು ದನಿಗಳು ಅಡಗುತ್ತವೆ. ಯಾರ ದನಿ ಅಡಗಿತೋ ಅವರ ಅಗತ್ಯಗಳು ಆಳುವವರ ಕಿವಿಗೆ ಬೀಳುವುದಿಲ್ಲ. ಆಸ್ಪತ್ರೆ ಬೇಕಾದವರೇ ಆಸ್ಪತ್ರೆಯನ್ನು ಕೇಳಲು ಬರಲಾಗದಿದ್ದರೆ, ಕೇಳಬಲ್ಲವರಿಗೆ ಬೇಕಾದದ್ದು ಮಾತ್ರ ಊರಿಗೆ ಬರುತ್ತದೆ.

ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯ ಕಲ್ಪಾ ಎಂಬ ಹಳ್ಳಿಯಲ್ಲಿ ಶ್ಯಾಮ್ ಶರಣ್ ನೇಗಿ ಎಂಬ ಶಾಲಾ ಶಿಕ್ಷಕರಿದ್ದರು. ಚಳಿಗಾಲದ ಹಿಮಪಾತ ದಾರಿಗಳನ್ನು ಮುಚ್ಚುವ ಮೊದಲೇ ಮುಗಿಯಬೇಕೆಂದು ಅಲ್ಲಿ ಮೊದಲ ಮಹಾಚುನಾವಣೆಯ ಮತದಾನ ದೇಶದ ಇತರ ಭಾಗಗಳಿಗಿಂತ ಮುಂಚೆ, 1951ರ ಅಕ್ಟೋಬರಿನಲ್ಲಿಯೇ ನಡೆಯಿತು. ಆ ಚುನಾವಣೆಯಲ್ಲಿ ಮತ ಹಾಕಿದ ನೇಗಿಯವರು ಸ್ವತಂತ್ರ ಭಾರತದ ಮೊದಲ ಮತದಾರರೆಂದು ಹೆಸರಾದರು. ಅಂದಿನಿಂದ ಅವರು ಚುನಾವಣೆ ತಪ್ಪಿಸಿದವರಲ್ಲ. 2022ರ ವಿಧಾನಸಭಾ ಚುನಾವಣೆ ಬಂದಾಗ ಅವರಿಗೆ ನೂರು ವರ್ಷ ದಾಟಿ ಹೋಗಿತ್ತು. ಕಾಲುಗಳು ಮತಗಟ್ಟೆಯವರೆಗೆ ಒಯ್ಯುವ ಸ್ಥಿತಿಯಲ್ಲಿರಲಿಲ್ಲ. ನವೆಂಬರ್ 2ರಂದು ಅಧಿಕಾರಿಗಳೇ ಮನೆಗೆ ಬಂದರು. ನೇಗಿಯವರು ಅಂಚೆ ಮತಪತ್ರದ ಮೂಲಕ ಮತ ಚಲಾಯಿಸಿದರು. ಮೂರು ದಿನಗಳ ಅನಂತರ, ನವೆಂಬರ್ 5ರಂದು ತೀರಿಕೊಂಡರು. ಅವರ ನಿಷ್ಠೆಯನ್ನು ಎಲ್ಲರೂ ಹೊಗಳಿದರು, ಹೊಗಳತಕ್ಕದ್ದೇ. ಆದರೆ ನನ್ನ ಗಮನ ಆ ಮನೆಗೆ ಬಂದ ಅಧಿಕಾರಿಗಳ ಕಡೆಗೂ ಹರಿಯುತ್ತದೆ. ನಿಷ್ಠೆ ಎಷ್ಟೇ ದೊಡ್ಡದಿದ್ದರೂ, ಮತಪೆಟ್ಟಿಗೆ ಮನೆಯ ಬಾಗಿಲಿಗೆ ಬರದಿದ್ದರೆ ಅವರ ಕೊನೆಯ ಮತ ಬೀಳುತ್ತಿರಲಿಲ್ಲ.

ಮತಗಟ್ಟೆಯ ಕೆಲಸ ನಮ್ಮ ನಾಡಿನ ಉಪಾಧ್ಯಾಯರಿಗೆ ಹೊಸದಲ್ಲ. ಪಾಠ ಹೇಳುವ ಕೊಠಡಿಯಲ್ಲೇ ಮತಯಂತ್ರ ಇಟ್ಟುಕೊಂಡು ಕುಳಿತ ದಿನಗಳು ನನಗೂ ಹಲವು ಇವೆ. ಒಮ್ಮೆ ಬಯಲುಸೀಮೆಯ ಒಂದು ಹಳ್ಳಿಯಲ್ಲಿ, ಕೀಲುನೋವಿನಿಂದ ಕಾಲು ಮಡಿಸಲಾಗದ ಮುದುಕಿಯೊಬ್ಬಳನ್ನು ಮಗನೂ ಮೊಮ್ಮಗನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಶಾಲೆಯ ಮುಂದೆ ಮೂರೇ ಮೆಟ್ಟಿಲು. ಆ ಮೂರನ್ನು ಹತ್ತಿಸುವಷ್ಟರಲ್ಲಿ ಇಬ್ಬರೂ ಬೆವರಿಹೋದರು. "ಏನಜ್ಜಿ, ಇಷ್ಟು ಕಷ್ಟಪಟ್ಟು ಬರಬೇಕಿತ್ತೆ?" ಎಂದೆ. "ಬರದೇ ಹೋದ್ರೆ, ಮುದುಕಿ ಸತ್ಲು ಅಂತ ಹೆಸರು ಹೊಡೆದುಹಾಕ್ತೀರಲ್ಲ, ಮೇಷ್ಟ್ರೇ!" ಎಂದು ನಕ್ಕಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆದರೆ ಆ ಹಾಸ್ಯದೊಳಗೆ ಒಂದು ಭಯವಿತ್ತು. ಮೂಲೆ ಹಿಡಿದ ರೋಗಿಯನ್ನು ಮನೆಯವರೂ ಊರಿನವರೂ ಬದುಕಿರುವಾಗಲೇ ಲೆಕ್ಕದಿಂದ ಬಿಡುತ್ತಾರೆ ಎಂಬುದನ್ನು ಆಕೆ ಕಂಡಿದ್ದಳು. ಮತ ಹಾಕುವುದೆಂದರೆ ಆಕೆಗೆ ಆ ಲೆಕ್ಕದಲ್ಲಿ ಉಳಿಯುವುದು.

ಆ ಮೂರು ಮೆಟ್ಟಿಲುಗಳ ಕಥೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಂಗವಿಕಲರ ಪರವಾಗಿ ಬಂದ ಅರ್ಜಿಯ ಮೇಲೆ 2004ರಲ್ಲಿ ನ್ಯಾಯಾಲಯವು, ಗಾಲಿಕುರ್ಚಿ ಸಾಗುವಂತೆ ಮತಗಟ್ಟೆಗಳಿಗೆ ಇಳಿಜಾರು ಹಾದಿ ಮಾಡಿಸಬೇಕೆಂದು ನಿರ್ದೇಶನ ನೀಡಿತು. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಕುರುಡರು ಬೆರಳಾಡಿಸಿ ಓದಬಲ್ಲ ಬ್ರೈಲ್ ಅಂಕೆಗಳು ಬಂದುವು. ಕಣ್ಣು ಕಾಣದವರೂ ಗುಂಡಿ ಒತ್ತಲಾಗದಷ್ಟು ನಿಶ್ಶಕ್ತರೂ 18 ತುಂಬಿದ ಒಬ್ಬ ಸಂಗಾತಿಯನ್ನು ಒಳಗೆ ಕರೆದೊಯ್ಯಬಹುದು. ಆ ಸಂಗಾತಿ ಒಂದು ದಿನ ಒಬ್ಬರಿಗೆ ಮಾತ್ರ ನೆರವಾಗಬಹುದು, ಕಂಡದ್ದನ್ನು ಗುಟ್ಟಾಗಿಡುವುದಾಗಿ ಬರೆದುಕೊಡಬೇಕು. ನಮ್ಮ ರಾಜ್ಯದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೂ, ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ದೊರೆಯಿತು. 2024ರಲ್ಲಿ ಆ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು. ಮತದ ವಿಷಯದಲ್ಲಿ ಬುದ್ಧಿಭ್ರಮಣೆಯ ನೆಪವನ್ನೂ ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಸಮರ್ಥ ನ್ಯಾಯಾಲಯವೊಂದು ಹಾಗೆಂದು ಘೋಷಿಸದ ಹೊರತು, ಮನೋರೋಗಕ್ಕೆ ಔಷಧಿ ಪಡೆಯುತ್ತಿದ್ದಾನೆಂಬ ಕಾರಣದಿಂದ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯುವಂತಿಲ್ಲ. ಇವೆಲ್ಲ ಸಣ್ಣ ಸಾಧನೆಗಳಲ್ಲ.

ಆದರೂ ಜಾಲರಿಯಲ್ಲಿ ರಂಧ್ರಗಳು ಉಳಿದಿವೆ. 50 ವರ್ಷದ ರೈತನೊಬ್ಬ ಎದೆನೋವಿನಿಂದ ಜಿಲ್ಲಾ ಆಸ್ಪತ್ರೆ ಸೇರಿದ್ದಾನೆನ್ನಿ. ಅವನಿಗೆ 85 ಆಗಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರವೂ ಇಲ್ಲ. ಮನೆಯ ಮತದಾನ ಕೋರುವ ಅರ್ಜಿಯನ್ನು ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ ಕೊಡಬೇಕು. ಎದೆನೋವು ಅಧಿಸೂಚನೆ ನೋಡಿಕೊಂಡು ಬರುವುದಿಲ್ಲ. ಅವನ ಮಗ್ಗುಲಲ್ಲಿ ನಿದ್ದೆಗೆಟ್ಟು ಕುಳಿತ ಹೆಂಡತಿಗೂ ಆ ದಿನ ಊರಿಗೆ ಹೋಗಿಬರುವಂತಿಲ್ಲ. ಒಬ್ಬರ ರೋಗ, ಇಬ್ಬರ ಮತ. ರೋಗಿಯ ಶುಶ್ರೂಷೆ ಮಾಡುವವರನ್ನು, ಅದರಲ್ಲಿಯೂ ಹೆಂಗಸರನ್ನು, ಯಾವ ಪಟ್ಟಿಯೂ ಎಣಿಸುವುದಿಲ್ಲವೆಂಬುದು ನನಗೆ ಬಹಳ ದಿನಗಳಿಂದ ತೋರುತ್ತಿರುವ ಮಾತು.

ರೋಗಕ್ಕೂ ಮತದಾನಕ್ಕೂ ಇರುವ ಈ ಸಂಬಂಧವನ್ನು ಹೆಚ್ಚು ಶ್ರದ್ಧೆಯಿಂದ ಪರಿಶೀಲಿಸಿದವರು ಫಿನ್ಲೆಂಡ್ ದೇಶದ ವಿದ್ವಾಂಸರು. ಆ ದೇಶದಲ್ಲಿ ಆಸ್ಪತ್ರೆಯ ದಾಖಲೆಗಳೂ ಮತ ಹಾಕಿದವರ ದಾಖಲೆಗಳೂ ಅಚ್ಚುಕಟ್ಟಾಗಿವೆ. 1999ರ ಸಂಸತ್ ಚುನಾವಣೆಯ ದಾಖಲೆಗಳನ್ನು, ಹೆಸರುಗಳನ್ನು ಮರೆಮಾಡಿ, ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗ ದೊರೆತ ಚಿತ್ರ ನಾವು ಎಣಿಸುವಷ್ಟು ಸರಳವಾಗಿರಲಿಲ್ಲ. ಮರೆವಿನ ರೋಗದಂಥ, ಮಿದುಳು ಕ್ಷೀಣಿಸುವ ಕಾಯಿಲೆಗಳವರು ಮತಗಟ್ಟೆಗೆ ಬಂದದ್ದು ಅತಿ ಕಡಿಮೆ. ಮದ್ಯವ್ಯಸನಿಗಳು ಹಿಂದೆ ಬಿದ್ದರು. ಮನೋರೋಗಿಗಳೂ ಸ್ವಲ್ಪಮಟ್ಟಿಗೆ ಹಿಂದೆ ಬಿದ್ದರು. ಇಷ್ಟು ಊಹಿಸಬಹುದಾದದ್ದೇ. ಆದರೆ ಕ್ಯಾನ್ಸರ್ ರೋಗಿಗಳೂ, ಉಬ್ಬಸ ಮೊದಲಾದ ಶ್ವಾಸಕೋಶದ ಬೇನೆಯುಳ್ಳವರೂ ಇತರರಿಗಿಂತ ಕೊಂಚ ಹೆಚ್ಚಾಗಿಯೇ ಮತ ಹಾಕಿದ್ದರು! ಏಕಿರಬಹುದು? ಕೆಲವು ರೋಗಗಳು ಮನುಷ್ಯನ ಸಂಕಲ್ಪವನ್ನೇ ಕದಿಯುತ್ತವೆ. ಅವನು ಎಲ್ಲರಿಂದ ದೂರವಾಗುತ್ತಾನೆ, ಇಲ್ಲವೆ ಎಲ್ಲರೂ ಅವನಿಂದ ದೂರವಾಗುತ್ತಾರೆ. ಮತ್ತೆ ಕೆಲವು ರೋಗಗಳಲ್ಲಿ ದೇಹ ನೊಂದರೂ ಬುದ್ಧಿ ಎಚ್ಚರವಾಗಿರುತ್ತದೆ; ಔಷಧಿಯ ಬೆಲೆಯೇನು, ಆಸ್ಪತ್ರೆಯ ಹಾಸಿಗೆಗಳೆಷ್ಟು, ಅದಕ್ಕೆ ಸರ್ಕಾರ ಕೊಡುವ ಹಣವೆಷ್ಟು ಎಂಬ ಪ್ರಶ್ನೆಗಳು ಅಂಥವನಿಗೆ ದಿನನಿತ್ಯದ ಪ್ರಶ್ನೆಗಳಾಗುತ್ತವೆ. ರಾಜಕೀಯ ಅವನ ಹಾಸಿಗೆಯ ಪಕ್ಕಕ್ಕೇ ಬಂದು ಕುಳಿತಿರುತ್ತದೆ.

ಆರೋಗ್ಯವಂತರೆಲ್ಲ ತಪ್ಪದೆ ಮತ ಹಾಕುತ್ತಾರೆಂದು ಇದರಿಂದ ತಿಳಿಯಬೇಕಾಗಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದಲ್ಲಿ ಶೇಕಡ 81ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇಕಡ 53. ವೈದ್ಯರೂ ಆಸ್ಪತ್ರೆಗಳೂ ಬೆಂಗಳೂರಿನಲ್ಲಿ ಕಡಿಮೆಯೇನಲ್ಲ. ಮನೆಯಲ್ಲಿ ಉಳಿಯುವುದಕ್ಕೆ ರೋಗವೇ ಬೇಕೆಂದಿಲ್ಲ, ಸೋಮಾರಿತನವೂ ಸಾಕು. ಆದರೆ ಸೋಮಾರಿಯಾದವನು ಮುಂದಿನ ಸಲ ಬರಬಲ್ಲ. ಅಶಕ್ತನಿಗೆ ಆ ಆಯ್ಕೆಯಿಲ್ಲ.

ಇನ್ನು ವಿಶ್ವಾಸದ ಮಾತು. ಯುರೋಪಿನ ದೇಶಗಳಲ್ಲಿ ನಡೆದ ಸಮೀಕ್ಷೆಗಳು, ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದು ಹೇಳಿಕೊಂಡವರಲ್ಲಿ ಸರ್ಕಾರದ ಮೇಲೂ ಸಂಸತ್ತಿನ ಮೇಲೂ ನಂಬಿಕೆ ಕಡಿಮೆಯಿರುವುದನ್ನು ಕಂಡಿವೆ. ರೋಗ ಸ್ವಭಾವವನ್ನು ಕಹಿಮಾಡುತ್ತದೆ ಎಂದು ಇದನ್ನು ತಳ್ಳಿಹಾಕಬಹುದು. ನನಗೆ ಆ ವಿವರಣೆ ಸಾಲದು. ಗಟ್ಟಿಮುಟ್ಟಾದ ಮನುಷ್ಯನಿಗೆ ಸರ್ಕಾರವೆಂಬುದು ದೂರದ ವಸ್ತು. ಕಂದಾಯ ಕಟ್ಟುವಾಗಲೊಮ್ಮೆ, ಪಡಿತರ ತರುವಾಗಲೊಮ್ಮೆ ಅದರ ಮುಖ ಕಾಣುತ್ತಾನೆ. ರೋಗಿಗೆ ಹಾಗಲ್ಲ. ಆಸ್ಪತ್ರೆಯ ಚೀಟಿ, ಔಷಧಿಯ ಕಿಟಕಿ, ಅಂಗವೈಕಲ್ಯದ ಪ್ರಮಾಣಪತ್ರ, ಮಾಸಾಶನದ ಕಚೇರಿ ಹೀಗೆ ವಾರಕ್ಕೊಮ್ಮೆ ಅವನು ಸರ್ಕಾರದ ಎದುರು ನಿಲ್ಲುತ್ತಾನೆ. 'ನಾಳೆ ಬಾ' ಎಂಬ ಮಾತು ಆರೋಗ್ಯವಂತನಿಗೆ ಒಂದು ದಿನದ ನಷ್ಟ. ಎರಡು ಬಸ್ಸು ಬದಲಾಯಿಸಿ ಊರುಗೋಲಿನ ಮೇಲೆ ಬಂದವನಿಗೆ ಅದು ಅವಮಾನ. ಕಿಟಕಿಯ ಹಿಂದೆ ಕುಳಿತ ನೌಕರ, ತಾನು ಒಂದು ಕಡತವನ್ನು ತಡೆಹಿಡಿದೆನೆಂದು ಭಾವಿಸುತ್ತಾನೆ. ರೋಗಿಯ ಮಟ್ಟಿಗೆ ಆ ನೌಕರನೇ ರಾಜ್ಯ, ಅವನ ಮಾತೇ ಸಂವಿಧಾನ. ಅದೇ ಕಿಟಕಿಯಲ್ಲಿ ಒಬ್ಬ ದಾದಿ 'ಕೂತ್ಕೊಳ್ಳಿ ಅಣ್ಣ, ನಾನೇ ತರ್ತೀನಿ' ಎಂದರೆ, ವಿಶ್ವಾಸ ಬೆಳೆಯುವುದೂ ಅಲ್ಲಿಂದಲೇ.

ಇದಕ್ಕೆ ಚರಿತ್ರೆಯಲ್ಲಿಯೂ ಸಾಕ್ಷಿ ಇದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಬ್ರಿಟಿಷ್ ಆಡಳಿತ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿತು. ಉದ್ದೇಶ ರೋಗನಿವಾರಣೆಯೇ, ನಡೆದ ಬಗೆ ಮಾತ್ರ ಜನರನ್ನು ಕೆರಳಿಸಿತು. ಜನ ತಮ್ಮ ರೋಗಿಗಳನ್ನು ವೈದ್ಯರಿಂದಲೇ ಬಚ್ಚಿಡತೊಡಗಿದರು. ಆ ವರ್ಷದ ಜೂನ್ 22ರಂದು ಪ್ಲೇಗ್ ಸಮಿತಿಯ ಅಧಿಕಾರಿ ರ‍್ಯಾಂಡ್ ಚಾಪೇಕರ್ ಸೋದರರ ಗುಂಡೇಟಿಗೆ ಗುರಿಯಾದನು. ಕೊಲೆಯನ್ನು ಯಾರೂ ಮೆಚ್ಚಬೇಕಾಗಿಲ್ಲ. ಆದರೆ ರೋಗಿಯನ್ನು ಮುಟ್ಟುವ ಕೈ ಹೇಗೆ ಮುಟ್ಟುತ್ತದೆ ಎಂಬುದು ರಾಜಕೀಯದ ಪ್ರಶ್ನೆಯಾಗಬಲ್ಲುದೆಂದು ಆಳುವವರು ಅಂದು ಬಹಳ ತಡವಾಗಿ ತಿಳಿದರು.

ಫಿನ್ಲೆಂಡ್ ಹಾಗೂ ಅದರ ನೆರೆಯ ದೇಶಗಳಲ್ಲಿ ಕಂಡ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಮತಗಟ್ಟೆಗೆ ಬರುವುದರಲ್ಲಿ ಹಿಂದೆ ಬಿದ್ದ ಅಶಕ್ತರು, ಅಧಿಕಾರಿಗಳನ್ನು ಕಾಣುವುದು, ಪ್ರತಿಭಟಿಸುವುದು ಮೊದಲಾದವುಗಳಲ್ಲಿ ಹಿಂದೆ ಬಿದ್ದಿರಲಿಲ್ಲ. ಕೆಲವೆಡೆ ಮುಂದೆಯೇ ಇದ್ದರು. ನಂಬಿಕೆ ಕುಂದಿದವನು ಯಾವಾಗಲೂ ಸುಮ್ಮನಾಗುವುದಿಲ್ಲ. ಅವನ ನೋವು ಅವನೊಬ್ಬನದೇ ಆಗಿದ್ದರೆ ಅವನು ಮುಸುಕೆಳೆದು ಮಲಗುತ್ತಾನೆ. ಅದೇ ನೋವು ನೆರೆಮನೆಯವನಿಗೂ, ಪಕ್ಕದ ಬೀದಿಗೂ, ಪಕ್ಕದ ಊರಿಗೂ ಇದೆ, ಅದಕ್ಕೆ ಇಂಥದೇ ಕಾರಣ ಎಂದು ಗೊತ್ತಾದಾಗ ಸಂಗತಿ ಬೇರೆಯಾಗುತ್ತದೆ. ಅದನ್ನು ನೋಡಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನೆರೆಯ ತೆಲಂಗಾಣದ ನಲ್ಗೊಂಡ ಜಿಲ್ಲೆಗೆ ಹೋದರೆ ಸಾಕು.

ನಲ್ಗೊಂಡದ ನೆಲದ ಕೆಳಗೆ ಗಡಸು ಕಲ್ಲಿನ ಪದರಗಳಿವೆ. ಆ ಕಲ್ಲಿನಿಂದ ಫ್ಲೋರೈಡ್ ಎಂಬ ಲವಣಾಂಶ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮ್‌ನೊಳಗಿರಬೇಕು, ಬೇರೆ ನೀರೇ ಇಲ್ಲವೆಂದರೂ 1.5 ಮೀರಕೂಡದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಆಮೇಲೆ ಕೀಲುಗಳು ಬಿಗಿಯುತ್ತವೆ. ಕೊನೆಗೆ ಬೆನ್ನುಮೂಳೆ ಗಡುಸಾಗಿ ಬಾಗುತ್ತದೆ, ಕತ್ತು ತಿರುಗದು, ಮಕ್ಕಳ ಕಾಲುಗಳು ಬಿಲ್ಲಿನಂತೆ ಸೊಟ್ಟಗಾಗುತ್ತವೆ. ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ ಪಿಡುಗು ಹೆಚ್ಚಿತು. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪಟಿಕವನ್ನೂ ಸುಣ್ಣವನ್ನೂ ಬಳಸಿ ನೀರಿನಿಂದ ಫ್ಲೋರೈಡನ್ನು ಬೇರ್ಪಡಿಸುವ ವಿಧಾನವೊಂದನ್ನು ರೂಪಿಸಿದರು. ಅದಕ್ಕೆ 'ನಲ್ಗೊಂಡ ವಿಧಾನ' ಎಂದೇ ಹೆಸರಾಯಿತು. ಊರಿನ ಹೆಸರು ವಿಜ್ಞಾನದ ಗ್ರಂಥಗಳನ್ನು ಸೇರಿತು; ಅಲ್ಲಿನ ಅನೇಕ ಹಳ್ಳಿಗಳು ಮಾತ್ರ ಅದೇ ನೀರನ್ನು ಕುಡಿಯುತ್ತ ಉಳಿದುವು. ಕೃಷ್ಣಾನದಿಗೆ ಕಟ್ಟಿದ ನಾಗಾರ್ಜುನಸಾಗರ ಅದೇ ಜಿಲ್ಲೆಯ ಅಂಚಿನಲ್ಲಿದೆ. 1967ರಲ್ಲಿಯೇ ಅದರ ಕಾಲುವೆಗಳಲ್ಲಿ ನೀರು ಹರಿಯಿತು. ಆದರೆ ಜಿಲ್ಲೆಯ ಎತ್ತರದ ಪ್ರದೇಶಗಳಿಗೆ ಆ ನೀರು ಏರಲಿಲ್ಲ.

ಮನವಿಗಳಾದುವು, ಮೆರವಣಿಗೆಗಳಾದುವು. ಕೊನೆಗೆ 'ಜಲಸಾಧನ ಸಮಿತಿ' ಎಂಬ ಸಂಘಟನೆ 1996ರ ಲೋಕಸಭಾ ಚುನಾವಣೆಯಲ್ಲಿ ಹೊಸದೊಂದು ಉಪಾಯ ಹೂಡಿತು. ಗೆಲ್ಲುವುದಕ್ಕಾಗಿಯಲ್ಲ, ನೀರಾವರಿಯ ಕೊರತೆಯ ಮೇಲೂ ಫ್ಲೋರೈಡ್ ಪಿಡುಗಿನ ಮೇಲೂ ದೇಶದ ಕಣ್ಣು ಬೀಳಲೆಂದು ನೂರಾರು ಮಂದಿ ನಾಮಪತ್ರ ಸಲ್ಲಿಸಿದರು. ನಲ್ಗೊಂಡ ಕ್ಷೇತ್ರ ಒಂದರಲ್ಲೇ ಕಣದಲ್ಲಿ ಉಳಿದವರು 480 ಮಂದಿ! ಅಂದು ಇನ್ನೂ ಕಾಗದದ ಮತಪತ್ರದ ಕಾಲ. ಅಷ್ಟು ಹೆಸರುಗಳಿಗೂ ಅಷ್ಟು ಚಿಹ್ನೆಗಳಿಗೂ ಒಂದು ಹಾಳೆ ಎಲ್ಲಿ ಸಾಕಾದೀತು? ಮತಪತ್ರ ಪುಸ್ತಕವಾಯಿತು, ಮತದಾನವನ್ನೇ ಮುಂದೂಡಬೇಕಾಯಿತು. ಅದೇ ಚುನಾವಣೆಯಲ್ಲಿ ನಮ್ಮ ಬೆಳಗಾವಿಯಲ್ಲಿಯೂ 456 ಅಭ್ಯರ್ಥಿಗಳಿದ್ದರು. ಅಲ್ಲಿನ ಕಾರಣ ಗಡಿವಿವಾದ. ಗಡಿಗಾಗಿ, ನುಡಿಗಾಗಿ ಜನ ಸಾಲುಗಟ್ಟಿ ನಿಲ್ಲುವುದನ್ನು ನಾವು ಬಲ್ಲೆವು. ಮೂಳೆಯ ನೋವಿಗಾಗಿ ಜನ ಹಾಗೆ ನಿಂತದ್ದು ಹೊಸದು.

ಹೀಗೆ ನಿಂತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಠೇವಣಿ ಕಳೆದುಕೊಂಡರು. ಆ ಕಾಲದ ಠೇವಣಿ 500 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಬುಡಕಟ್ಟಿನವರಿಗೆ 250. ರೈತನ ಮನೆಯಲ್ಲಿ ಅದೂ ಸಣ್ಣ ಮೊತ್ತವಲ್ಲ. ಅದೇ ವರ್ಷ ಸಂಸತ್ತು ಕಾನೂನನ್ನು ತಿದ್ದಿ ಲೋಕಸಭೆಯ ಠೇವಣಿಯನ್ನು 10,000ಕ್ಕೂ 5,000ಕ್ಕೂ ಏರಿಸಿತು. ಮಾನ್ಯತೆ ಪಡೆದ ಪಕ್ಷದ ಬೆಂಬಲವಿಲ್ಲದ ಅಭ್ಯರ್ಥಿಗೆ ಹತ್ತು ಮಂದಿ ಸೂಚಕರಿರಬೇಕೆಂದು ವಿಧಿಸಿತು. 2010ರಿಂದ ಆ ಠೇವಣಿ 25,000 ಮತ್ತು 12,500 ಆಗಿದೆ. ಚುನಾವಣೆ ಸುಗಮವಾಗಿ ನಡೆಯಬೇಕಾದರೆ ಇಂಥ ಕಟ್ಟುಪಾಡು ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪುಸ್ತಕದಷ್ಟು ದಪ್ಪದ ಮತಪತ್ರದಲ್ಲಿ ತನಗೆ ಬೇಕಾದ ಚಿಹ್ನೆಯನ್ನು ಹುಡುಕಬೇಕಾದ ಮುದುಕರ ಪಾಡನ್ನೂ ಎಣಿಸಬೇಕು. ಆದರೂ, ಬೇರೆಲ್ಲ ಬಾಗಿಲುಗಳನ್ನೂ ತಟ್ಟಿ ಬಂದ ರೋಗಿಗಳು ಕಂಡುಕೊಂಡ ಬಾಗಿಲನ್ನು ಕಾನೂನು ಎಷ್ಟು ಬೇಗ ಮುಚ್ಚಿತು, ನೀರಿನ ಕೊಳಾಯಿ ಎಷ್ಟು ನಿಧಾನವಾಗಿ ಬಂದಿತು ಎಂದು ಹೋಲಿಸಿ ನೋಡದಿರಲಾಗದು. ಕಾನೂನು ಬಂದದ್ದು ಕೆಲವೇ ತಿಂಗಳುಗಳಲ್ಲಿ. ಮನೆಮನೆಗೂ ನದಿಯ ನೀರನ್ನು ಕೊಳವೆಯಲ್ಲಿ ತರುವ 'ಮಿಷನ್ ಭಗೀರಥ' ಯೋಜನೆಯನ್ನು ತೆಲಂಗಾಣ ಉದ್ಘಾಟಿಸಿದ್ದು 2016ರಲ್ಲಿ, ಆ ಚುನಾವಣೆಯಾಗಿ ಇಪ್ಪತ್ತು ವರ್ಷಗಳಾದ ಮೇಲೆ. ಒಮ್ಮೆ ಬಾಗಿದ ಬೆನ್ನು ಒಳ್ಳೆಯ ನೀರು ಕುಡಿದರೂ ನೆಟ್ಟಗಾಗುವುದಿಲ್ಲ; ಹೊಸ ನೀರಿನ ಫಲ ಹೊಸದಾಗಿ ಮೂಡುವ ಹಲ್ಲುಗಳಲ್ಲಿ ಮಾತ್ರ ಕಾಣುತ್ತದೆ. ತಮ್ಮ ದೇಹಕ್ಕೆ ಇನ್ನು ಒದಗದ ಫಲಕ್ಕಾಗಿ ಆ ಜನರಲ್ಲಿ ಎಷ್ಟೋ ಮಂದಿ ಹೆಣಗಿದರು.

ಫ್ಲೋರೈಡಿನ ನೀರು ನಮ್ಮ ರಾಜ್ಯದಲ್ಲಿಯೂ ಇದೆ. ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಹಳ್ಳಿಗಳು ಅದರ ಕಹಿಯನ್ನು ಉಂಡಿವೆ. ಅಂಥ ಅನೇಕ ಊರುಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುತ್ತಾರೆ. ಘಟಕ ಕೆಟ್ಟು ನಿಂತರೆ ಮತ್ತೆ ಕೊಳವೆಬಾವಿಯ ನೀರೇ ಗತಿ. ಅದನ್ನು ದುರಸ್ತಿ ಮಾಡಿಸೆಂದು ಕೇಳುವ ಸ್ಥಳ ಗ್ರಾಮಸಭೆ. ಕರ್ನಾಟಕದ ಪಂಚಾಯತ್ ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಹಗಲಿನಲ್ಲಿ ಸೇರುವ ಆ ಸಭೆಗೆ ಮೊಣಕಾಲು ಹಿಡಿದುಕೊಂಡವರು ಬರುವುದು ಅಪರೂಪ. ಕೊಡ ಹೊತ್ತು ದೂರದಿಂದ ನೀರು ತರುವ ಹೆಂಗಸರು ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗುತ್ತಾರೆ.

ಮತ ಹಾಕಲು ನಿಮಗೆ ಇನ್ನೂ ಮೂರು ನಾಲ್ಕು ವರ್ಷ ಕಾಯಬೇಕು. ಆದರೆ ನಮ್ಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನೂ ಕರೆಯುತ್ತಾರೆ. ಅಲ್ಲಿ ಮಕ್ಕಳು ಎದ್ದುನಿಂತು ಪ್ರಶ್ನೆ ಕೇಳಬಹುದು, ಅಧ್ಯಕ್ಷರೂ ಅಧಿಕಾರಿಗಳೂ ಉತ್ತರಿಸಬೇಕು. ಶಾಲೆಯ ಶೌಚಾಲಯ, ಬಸ್ಸು, ಆಟದ ಬಯಲು ಇವೇ ಅಲ್ಲಿ ಹೆಚ್ಚಾಗಿ ಕೇಳಿಬರುವ ವಿಷಯಗಳು. ಮನೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜನೋ ಅಜ್ಜಿಯೋ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಮೊಮ್ಮಗಳೊಬ್ಬಳು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಲ್ಲಿ ಓದಿದರೆ, ಅದನ್ನು ತಡೆಯುವ ನಿಯಮ ಯಾವುದೂ ಇಲ್ಲ.